ಶಾಲು ಹೊದಿಸಿದ ಮೇಲೆ

ಪ್ರತಿಭಾ ಪುರಸ್ಕಾರ ಎಂಬ ಸಮಾರಂಭದ ಮೇಲೆ ನನಗೆ ಮೊದಲಿನಿಂದಲೂ ಒಂದು ತಕರಾರಿದೆ. ಸಭೆ ಮಕ್ಕಳದು, ಮಾತೆಲ್ಲ ಅತಿಥಿಗಳದು. ನಮ್ಮ ಶಕ್ತಿನಗರದಲ್ಲಿ ನಾನು ಈಚೆಗೆ ನೋಡಿದ್ದೂ ಅಂಥದೇ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಬಂದವರಿಗೆ ಶಾಲು, ಹಾರ, ಫಲಕ. ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಹುಡುಗಿಯರ ಹೆಸರನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದರು. ಹೆಸರಿನ ಜೊತೆಗೆ ಅಪ್ಪನ ಹೆಸರು. ಆದಾಯ ಪ್ರಮಾಣಪತ್ರಕ್ಕೆಂದು ಕೂಲಿ ಬಿಟ್ಟು ನಾಡಕಚೇರಿಗೆ ಅಲೆದ ಅವ್ವಂದಿರು ಹಿಂದಿನ ಸಾಲಿನಲ್ಲಿದ್ದರು.

ಈ ಪರೀಕ್ಷೆಯ ವಿಷಯ ಗೊತ್ತಿರುವವರು ನಮ್ಮಲ್ಲಿ ಕಡಿಮೆ. ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿದ ವಿದ್ಯಾರ್ಥಿವೇತನ ಇದು. ಎಂಟನೇ ತರಗತಿಯ ಮೇಲೆ ಶಾಲೆ ಬಿಡುವ ಬಡಮಕ್ಕಳನ್ನು ತಡೆಯಬೇಕೆಂಬುದೇ ಇದರ ಉದ್ದೇಶ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ; ಮನೆಯ ವರಮಾನ 3.5 ಲಕ್ಷ ಮೀರಬಾರದು. ಗೆದ್ದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಇಡೀ ದೇಶಕ್ಕೆ ವರ್ಷಕ್ಕೆ 1 ಲಕ್ಷ ಮಕ್ಕಳಿಗಷ್ಟೇ ಈ ಭಾಗ್ಯ. ಟ್ಯೂಷನ್ ಹಿಡಿದು ಅಂಕ ತೆಗೆಯುವುದಕ್ಕಿಂತ ಇದೇನು ಸಣ್ಣ ಗೆಲುವೇ?

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ 50ನ್ನೂ ಮುಟ್ಟಿರಲಿಲ್ಲ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಮಾನ್ವಿ, ದೇವದುರ್ಗದ ಕಡೆ ಎಷ್ಟೋ ಹುಡುಗಿಯರು ಶಾಲೆ ತಪ್ಪಿಸಿ ಹೊಲಕ್ಕೆ ಹೋಗುತ್ತಾರೆ. ಅಂಥ ಮನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಎಂದರೆ ಬರೀ ದುಡ್ಡಲ್ಲ. 'ಸಾಕು ಓದಿದ್ದು, ಗಂಡು ನೋಡೋಣ' ಎಂಬ ಹಿರಿಯರ ಮಾತಿಗೆ ಅವ್ವ ಕೊಡಬಹುದಾದ ಉತ್ತರ ಅದು.

ಅಂದು ಒಬ್ಬ ತಾಯಿ ನನ್ನನ್ನು ತಡೆದು ಕೇಳಿದಳು: "ಯಕ್ಕಾ, ಫೋಟೋ ಏನೋ ಹೊಡದ್ರು. ರೊಕ್ಕ ಯಾವಾಗ ಬರ್ತದ?"

ವೇದಿಕೆಯ ಮೇಲೆ ಯಾರೂ ಆಡದೆ ಬಿಟ್ಟ ಮಾತೇ ಅದು. ದುಡ್ಡು ಬರುವುದು ಹುಡುಗಿಯ ಬ್ಯಾಂಕ್ ಖಾತೆಗೆ. ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು. ಪ್ರತಿವರ್ಷ ಆನ್‌ಲೈನಿನಲ್ಲಿ ಅರ್ಜಿ ನವೀಕರಿಸಬೇಕು. ಹತ್ತನೇ ತರಗತಿಯಲ್ಲಿ ಶೇ. 60 ಅಂಕ ಬಾರದಿದ್ದರೆ ಮುಂದಿನ ಎರಡು ವರ್ಷದ್ದು ನಿಂತುಹೋಗುತ್ತದೆ (ಪರಿಶಿಷ್ಟರಿಗೆ ಶೇ. 5ರ ರಿಯಾಯಿತಿ ಉಂಟು). ಓದು ಬಾರದ ತಾಯಿಗೆ ಇದನ್ನೆಲ್ಲ ಬಿಡಿಸಿ ಹೇಳುವವರು ಯಾರು? ಬುದ್ಧಿಯಿಂದ ಗೆದ್ದದ್ದು ಕಾಗದಪತ್ರದಲ್ಲಿ ಸೋಲುವುದಕ್ಕೆ ಒಂದು ತಾರೀಖು ತಪ್ಪಿದರೆ ಸಾಕು.

ಶಾಲೇ ಬೇಡವೆನ್ನುವಷ್ಟು ಒಣ ಮನಸ್ಸು ನನ್ನದಲ್ಲ. ನಾಲ್ಕು ಜನರೆದುರು ಚಪ್ಪಾಳೆ ಕೇಳಿದ ಹುಡುಗಿಯನ್ನು ಶಾಲೆ ಬಿಡಿಸಲು ಮನೆಯವರೂ ಎರಡು ಸಲ ಯೋಚಿಸುತ್ತಾರೆ. ಆದರೆ ಅತಿಥಿಗಳಿಗೂ ಶಾಲು, ಅತಿಥಿಗಳನ್ನು ಕರೆತಂದವರಿಗೂ ಶಾಲು ಏತಕ್ಕೆ? ಆ ದುಡ್ಡಿನಲ್ಲಿ ಸಭಾಂಗಣದ ಬಾಗಿಲಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಅದನ್ನು ಬಲ್ಲ ಒಬ್ಬ ಟೀಚರಮ್ಮ ಕೂರಬಹುದು. ಮುಂದಿನ ಸಲದ ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಕೆಳಗೆ ಇಷ್ಟು ಅಚ್ಚು ಹಾಕಿಸಲಿ: ಬರುವಾಗ ಪಾಸ್‌ಬುಕ್, ಆಧಾರ್ ತನ್ನಿ, ಅವ್ವಂದಿರಿಗೆ ಮುಂದಿನ ಸಾಲು.