ಸಾರಥಿಯ ಪ್ರಶ್ನೆ, ಕುಳ್ಳನ ಪಾಲು

ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಜೋಡಿಯ ಹಾಸ್ಯಚಿತ್ರಗಳನ್ನು ಮೆಚ್ಚುವವರು ಅವರಿಬ್ಬರ ಸ್ನೇಹವನ್ನು ಕೊಂಡಾಡುತ್ತಾರೆ, ಮೆಚ್ಚದವರು ಕಥೆ ಜಾಳು ಎನ್ನುತ್ತಾರೆ. ‘ಕಳ್ಳ ಕುಳ್ಳ’ (1975), ‘ಕಿಟ್ಟು ಪುಟ್ಟು’ (1977), ‘ಸಿಂಗಪೂರಿನಲ್ಲಿ ರಾಜಾಕುಳ್ಳ’ (1978) ಚಿತ್ರಗಳ ಕಥೆ ಜಾಳೇ ಇರಬಹುದು. ಆದರೆ ಜೋಡಿಹಾಸ್ಯವನ್ನು ಅಳೆಯಬೇಕಾದ್ದು ಕಥೆಯಿಂದಲ್ಲ. ಇಬ್ಬರಲ್ಲಿ ಚಿಕ್ಕವನಿಗೆ ದೊಡ್ಡವನನ್ನು ನಿಲ್ಲಿಸಿ ಕೇಳುವ ಹಕ್ಕು ಇದೆಯೇ ಎಂಬುದರಿಂದ.

ಈ ಹಕ್ಕು ನಮ್ಮ ರಂಗಕ್ಕೆ ಹಳೆಯದು. ಬಯಲುಸೀಮೆಯ ಬಯಲಾಟ ಮೂಡಲಪಾಯವನ್ನೇ ನೋಡಿ. ಅಲ್ಲಿ ಕಿರೀಟ, ಭುಜಕೀರ್ತಿ ತೊಟ್ಟ ದೊರೆ ಎಷ್ಟೇ ಅಬ್ಬರಿಸಿ ಬಂದರೂ ಆಟ ನಡೆಸಿಕೊಡುವ ಸಾರಥಿ ಎದುರು ನಿಂತು ನೀನು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ದೊರೆ ಹೆಸರು ಹೇಳಿಕೊಳ್ಳಲೇಬೇಕು. ಜನ ನಗುವುದು ಸಾರಥಿಯನ್ನು ನೋಡಿ ಮಾತ್ರವಲ್ಲ, ಉತ್ತರ ಕೊಡಬೇಕಾಗಿ ಬಂದ ದೊರೆಯನ್ನು ನೋಡಿಯೂ ಹೌದು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ನರಸಿಂಹರಾಜು ಅವರ ನಕ್ಷತ್ರಿಕ ಇದೇ ವಂಶದವನು. ರಾಜ್‌ಕುಮಾರ್ ಅವರ ಹರಿಶ್ಚಂದ್ರನ ಬೆನ್ನು ಹತ್ತಿ ಸಾಲ ಕೇಳುತ್ತಾನೆ, ಪೀಡಿಸುತ್ತಾನೆ. ನಾವು ನಗುತ್ತಲೇ ರಾಜನ ಸಂಕಟವನ್ನೂ ಕಾಣುತ್ತೇವೆ.

ಎಪ್ಪತ್ತರ ದಶಕದ ಜೋಡಿಚಿತ್ರಗಳಲ್ಲಿ ಈ ಹಕ್ಕು ಸವೆಯಿತು. ನಾಯಕನಿಗೆ ಹೊಡೆದಾಟ, ಹಾಡು, ಪ್ರೇಮ. ಕುಳ್ಳನ ಪಾಲಿಗೆ ಎತ್ತರದ ಮೇಲಿನ ತಮಾಷೆ ಮತ್ತು ಬೈಗುಳ. ದ್ವಾರಕೀಶ್ ಅವರ ಸಮಯಸ್ಫೂರ್ತಿ ದೊಡ್ಡದು. ಕಣ್ಣರಳಿಸಿ ಒಂದು ಕ್ಷಣ ತಡೆದು ಮಾತು ಬಿಡುವ ರೀತಿಯಲ್ಲೇ ಅವರು ದೃಶ್ಯವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಬರವಣಿಗೆ ಮಾತ್ರ ಅವರಿಗೆ ಅಷ್ಟು ಜಾಗ ಕೊಡಲಿಲ್ಲ. ಅವರೇ ನಿರ್ಮಾಪಕರಾಗಿದ್ದರಲ್ಲ, ‘ಕುಳ್ಳ ಏಜೆಂಟ್ 000’ (1972) ಚಿತ್ರದಲ್ಲಿ ನಾಯಕರೂ ಆಗಿದ್ದರಲ್ಲ, ಅನ್ಯಾಯವೆಲ್ಲಿ ಎಂದು ಕೇಳಬಹುದು. ಕುಳ್ಳ ಎಂಬ ಹೆಸರನ್ನು ಪೋಸ್ಟರಿಗೇ ಏರಿಸಿದ ಅವರ ಎದೆಗಾರಿಕೆಗೆ ನಾನು ತಲೆಬಾಗುತ್ತೇನೆ. ಆದರೆ ಹಣ ಹಾಕಿದವನ ಅಧಿಕಾರ ಪಾತ್ರಕ್ಕೆ ತಾನಾಗಿ ಇಳಿದು ಬರುವುದಿಲ್ಲ. ಅವರೇ ನಿರ್ಮಿಸಿದ ‘ಆಪ್ತಮಿತ್ರ’ದಲ್ಲೂ (2004) ವಿಷ್ಣುವರ್ಧನ್ ಎಲ್ಲವನ್ನೂ ಬಲ್ಲ ವೈದ್ಯ, ದ್ವಾರಕೀಶ್ ದೆವ್ವಕ್ಕೆ ನಡುಗುವವನು. ಬಲ್ಲವನ ಬಲ್ಲತನವನ್ನು ಅಲುಗಿಸುವ ಒಂದು ಪ್ರಶ್ನೆ ಆ ನಡುಗುವವನ ಬಾಯಲ್ಲಿ ಬಂದಿದ್ದರೆ ನಗೆಯ ತೂಕವೇ ಬೇರೆಯಾಗುತ್ತಿತ್ತು.

ಚಿಕ್ಕವನ ಹಕ್ಕು ಸವೆಯಲು ತಾರಾಪಟ್ಟವೇ ಕಾರಣ, ಇಬ್ಬರನ್ನೂ ಪೆದ್ದರನ್ನಾಗಿ ಮಾಡಿದರೆ ಸರಿಹೋಗುತ್ತದೆ ಎನ್ನುವವರು ಅಮೆರಿಕದ ‘ಹೋಮ್ಸ್ ಅಂಡ್ ವಾಟ್ಸನ್’ (2018) ನೋಡಬೇಕು. ವಿಲ್ ಫೆರೆಲ್ ಮತ್ತು ಜಾನ್ ಸಿ. ರೈಲಿ ‘ಸ್ಟೆಪ್ ಬ್ರದರ್ಸ್’ (2008) ಚಿತ್ರದಲ್ಲಿ ಜನರನ್ನು ನಗಿಸಿದ್ದ ಜೋಡಿ. ಈಟನ್ ಕೋಹೆನ್ ನಿರ್ದೇಶನದ ಈ ಚಿತ್ರವನ್ನು ಮಾತ್ರ ವಿಮರ್ಶಕರು ಹರಿದು ಹಾಕಿದರು, ವರ್ಷದ ಅತಿ ಕೆಟ್ಟ ಚಿತ್ರವೆಂಬ ರಾಝಿ ಪ್ರಶಸ್ತಿಯೂ ಬಂತು. ಒಂದು ದೃಶ್ಯದಲ್ಲಿ ವಾಟ್ಸನ್ ವಿಕ್ಟೋರಿಯಾ ರಾಣಿಯ ಜೊತೆ ಸೆಲ್ಫಿ ತೆಗೆಯಲು ಹೋಗಿ ಭಾರದ ಕ್ಯಾಮೆರಾವನ್ನು ಅವಳ ತಲೆಗೇ ಬಡಿಯುತ್ತಾನೆ. ಸತ್ತೇ ಹೋದಳೆಂದು ಹೆದರಿ ಇಬ್ಬರೂ ಅವಳನ್ನು ಪೆಟ್ಟಿಗೆಗೆ ತುರುಕಲು ಹೆಣಗುತ್ತಾರೆ. ಸದ್ದು ಬೇಕಾದಷ್ಟಿದೆ. ಆದರೆ ಇಬ್ಬರೂ ಒಂದೇ ಬಗೆಯ ಮೂರ್ಖರಾದ್ದರಿಂದ ಒಬ್ಬನ ಮೂರ್ಖತನ ಇನ್ನೊಬ್ಬನಿಗೆ ತಾಗುವುದೇ ಇಲ್ಲ. ನಗಿಸಲೆಂದೇ ಮಾಡಿದ ಚಿತ್ರವನ್ನು ಇಷ್ಟು ಕೆದಕಬೇಕೇ ಎಂಬ ಆಕ್ಷೇಪ ಇದ್ದೇ ಇದೆ. ನಗು ಬಂದಿದ್ದರೆ ಕೆದಕುವ ಕೆಲಸವೇ ಇರುತ್ತಿರಲಿಲ್ಲ. ಬೇಸರದ ಸಂಗತಿಯೆಂದರೆ ಒಳ್ಳೆಯ ಬೀಜ ಚಿತ್ರದೊಳಗೇ ಇತ್ತು: ತನ್ನನ್ನು ಸಹ ಪತ್ತೇದಾರನೆಂದು ಕರೆಯಬೇಕೆಂಬುದು ವಾಟ್ಸನ್ನನ ಆಸೆ, ಹೋಮ್ಸ್ ಅದಕ್ಕೆ ಒಪ್ಪುವುದಿಲ್ಲ. ಸಾರಥಿ ದೊರೆಯನ್ನು ತಡೆದು ನಿಲ್ಲಿಸಬಹುದಾಗಿದ್ದ ಜಾಗ ಅದು. ಆ ಜಗಳವನ್ನು ಬೆಳೆಸುವ ಬದಲು ನಿರ್ದೇಶಕರು ರಾಣಿಯನ್ನು ಪೆಟ್ಟಿಗೆಗೆ ತುಂಬುವುದರಲ್ಲೇ ಹೊತ್ತು ಕಳೆದರು.