ಕಡಲ ತೀರದ ಸಂನ್ಯಾಸಿ ಮತ್ತು ಅವನ ಮುದ್ರಿತ ಪ್ರತಿಗಳು

ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ 1808 ಮತ್ತು 1810ರ ನಡುವೆ ರಚಿಸಿದ ‘ಕಡಲ ತೀರದ ಸಂನ್ಯಾಸಿ’ ಎಂಬ ತೈಲಚಿತ್ರ ಬರ್ಲಿನ್ನಿನಲ್ಲಿದೆ. ಅದರ ಮುದ್ರಿತ ಪ್ರತಿ ಇಂದು ಯಾರ ಗೋಡೆಗೂ ಬಂದು ಸೇರಬಲ್ಲದು. ಧ್ಯಾನಕೂಟದ ಕೊಠಡಿಗೆ ಅದು ತಕ್ಕ ಚಿತ್ರವೆಂದು ಭಾವಿಸುವವರಿರುವುದರಿಂದ, ಆ ಪ್ರತಿ ನಮಗೆ ಕೊಡುವುದೇನೆಂದು ಪರಿಶೀಲಿಸುವುದು ಉಚಿತ.

ಪ್ರತಿಯನ್ನು ಪ್ರತಿಯೆಂಬ ಕಾರಣಕ್ಕೇ ತಿರಸ್ಕರಿಸುವುದು ಧರ್ಮಸಭೆಯ ರೂಢಿಯಲ್ಲ. ಪವಿತ್ರ ಚಿತ್ರಕ್ಕೆ ಸಲ್ಲಿಸಿದ ಗೌರವ ಅದರ ಮೂಲರೂಪಕ್ಕೆ ಸಲ್ಲುತ್ತದೆಂದು 787ರ ನಿಸೇಯದ ಎರಡನೆಯ ಮಹಾಸಭೆ ಬೋಧಿಸಿತು. ಆದ್ದರಿಂದಲೇ ಮಾತೆ ಮರಿಯಮ್ಮನವರ ಅಗ್ಗದ ಕಾಗದದ ಚಿತ್ರವೂ ತನ್ನ ಕೆಲಸವನ್ನು ಕುಂದಿಲ್ಲದೆ ಮಾಡುತ್ತದೆ. ಫ್ರೀಡ್ರಿಶ್‌ನ ಕೃತಿಯಲ್ಲಿ ಹಾಗೆ ಗೌರವವನ್ನು ಸ್ವೀಕರಿಸುವ ಮೂಲರೂಪವಿಲ್ಲ. ಅಲ್ಲಿ ಮಾತನಾಡುವುದು ಅಳತೆ. 171.5 ಸೆಂ.ಮೀ. ಅಗಲ, 110 ಸೆಂ.ಮೀ. ಎತ್ತರದ ಚಿತ್ರದಲ್ಲಿ ಮುಕ್ಕಾಲಿಗೂ ಮಿಕ್ಕ ಪಾಲು ಬರಿಯ ಆಕಾಶ. ಕೆಳಗೆ ಕಪ್ಪು ಕಡಲಿನ ಕಿರಿದಾದ ಪಟ್ಟಿ, ಬಿಳಿಚಿದ ಮರಳದಂಡೆ, ನಮಗೆ ಬೆನ್ನು ಮಾಡಿ ನಿಂತ ಒಬ್ಬ ಮನುಷ್ಯ. ಮೊದಲು ಕಡಲಿನಲ್ಲಿ ಹಡಗುಗಳಿದ್ದವು. ಚಿತ್ರಕಾರನೇ ಅವುಗಳ ಮೇಲೆ ಬಣ್ಣ ಬಳಿದು ಮರೆಮಾಡಿದನೆಂದು ಅವಗೆಂಪು ಕಿರಣಗಳ ಪರೀಕ್ಷೆ ತೋರಿಸಿದೆ. ಕಣ್ಣು ತಂಗಲು ಒಂದು ಹಾಯಿಯನ್ನೂ ಉಳಿಸದ ಈ ಕಠೋರತೆಯಲ್ಲೇ ಕೃತಿಯ ದೈವಶಾಸ್ತ್ರವಿದೆ ಎಂಬುದು ನಮ್ಮ ಅಭಿಪ್ರಾಯ.

ಇದನ್ನು 30 ಸೆಂ.ಮೀ. ಅಗಲಕ್ಕೆ ಇಳಿಸಿದಾಗ ನೋಡುಗನೇ ಆಕಾಶಕ್ಕಿಂತ ದೊಡ್ಡವನಾಗುತ್ತಾನೆ. ಚೌಕಟ್ಟಿಗೆ ಹೊಂದಿಸಲು ಬದಿಗಳನ್ನು ಕತ್ತರಿಸಿದ ಪ್ರತಿಗಳಲ್ಲಂತೂ, ಮೂಲದಲ್ಲಿ ಎಡಕ್ಕೆ ಸರಿದು ನಿಂತ ಸಂನ್ಯಾಸಿ ನಡುವಿಗೆ ಬಂದು ಕಥಾನಾಯಕನಾಗಿಬಿಡುತ್ತಾನೆ. ಬಣ್ಣ ಕೆಟ್ಟುದಕ್ಕಿಂತ ಇದು ದೊಡ್ಡ ಅಪಚಾರ. ಬಣ್ಣದ ವಿಷಯದಲ್ಲಿ ಮುದ್ರಕರನ್ನು ಅಷ್ಟಾಗಿ ದೂರಲಾಗದು: ಮೂಲಚಿತ್ರವೇ ಬಹುಕಾಲ ಹಳದಿಗಟ್ಟಿದ ವಾರ್ನಿಷಿನ ಕೆಳಗಿತ್ತು, ಅದನ್ನು ಶುಚಿಗೊಳಿಸಿ ಮತ್ತೆ ಪ್ರದರ್ಶನಕ್ಕಿಟ್ಟದ್ದು 2016ರಲ್ಲಿ.

ಪೂರ್ಣ ಅಳತೆಯ, ಕತ್ತರಿಸದ, ಹೊಳಪಿಲ್ಲದ ಕಾಗದದ ಪ್ರತಿಯ ಬಗೆಗೆ ನಮ್ಮ ಆಕ್ಷೇಪ ಕಡಿಮೆ. ಆದರೂ ಒಂದು ಕೊರತೆ ಉಳಿಯುತ್ತದೆ. 1810ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಇದು ‘ಓಕ್ ಮರಗಳ ನಡುವಣ ಮಠ’ ಎಂಬ ಚಿತ್ರದ ಜೋಡಿಯಾಗಿ ಪ್ರದರ್ಶಿತವಾಗಿತ್ತು. ಪ್ರಷ್ಯದ ಅರಸ ಎರಡನ್ನೂ ಕೊಂಡನು. ಆ ಇನ್ನೊಂದರಲ್ಲಿ ಸಂನ್ಯಾಸಿಗಳು ಶವಪೆಟ್ಟಿಗೆಯನ್ನು ಹೊತ್ತು, ಪಾಳುಬಿದ್ದ ದೇವಾಲಯದ ಬಾಗಿಲಲ್ಲಿರುವ ಶಿಲುಬೆಯೆಡೆಗೆ ನಡೆಯುತ್ತಿದ್ದಾರೆ. ಕಡಲೆದುರು ನಿಂತವನ ಮೌನವನ್ನು ಆ ಶಿಲುಬೆಯಿಂದ ಬೇರ್ಪಡಿಸಿದರೆ ಉಳಿಯುವುದು ಹಿತವಾದ ಏಕಾಂತ ಮಾತ್ರ, ಮುದ್ರಿತ ಪ್ರತಿ ಮಾರಾಟವಾಗುವುದೂ ಆ ಹಿತಕ್ಕಾಗಿಯೇ. ಗುರುಮಠದ ಗೋಡೆಗೆ ಇದನ್ನು ತರಿಸುವವರು ಎರಡನ್ನೂ ತರಿಸಿ ಜೊತೆಯಲ್ಲೇ ತೂಗುಹಾಕಲಿ.