ಕೆರೆಯ ತಳದಲ್ಲೊಂದು ನಿಲ್ದಾಣ

ಬೇಲೂರು, ಹಳೇಬೀಡುಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡು ಬಾಳುವ ಅರಸೀಕೆರೆಯ ನಮಗೆ ಯಾವ ಹೊಸ ಕಟ್ಟಡ ಕಂಡರೂ ಹೋಲಿಸಿ ನೋಡುವ ಚಾಳಿ. ಬೆಂಗಳೂರಿನ ರೈಲು ಇಳಿದು ಮೆಜೆಸ್ಟಿಕ್ಕಿನ ನೆಲದಡಿಯ ಮೆಟ್ರೋ ನಿಲ್ದಾಣಕ್ಕೆ ಹೋದಾಗಲೂ ಅದು ಬಿಡುವುದಿಲ್ಲ.

ನಾಡಪ್ರಭು ಕೆಂಪೇಗೌಡರ ಹೆಸರಿನ ಈ ನಿಲ್ದಾಣಕ್ಕೆ 2016ರ ಏಪ್ರಿಲ್‌ನಲ್ಲಿ ನೇರಳೆ ಮಾರ್ಗ ಬಂತು, 2017ರ ಜೂನ್‌ನಲ್ಲಿ ಹಸಿರು ಮಾರ್ಗ. ಎರಡೂ ಇಲ್ಲಿ ಒಂದರ ಮೇಲೊಂದು ಹಾಯುತ್ತವೆ. ಬೀದಿಗೆ ಬರದೆಯೇ ರೈಲು ಬದಲಿಸಬಹುದು. ಮಗುವನ್ನು ಎತ್ತಿಕೊಂಡವಳಿಗೆ, ಮೊಣಕಾಲು ನೋವಿನ ಅತ್ತೆಯನ್ನು ಕರೆತಂದವಳಿಗೆ ಲಿಫ್ಟು ಇದೆ. ಕಟ್ಟಿದವರ ಜಾಣತನಕ್ಕೆ ತಲೆದೂಗಲೇಬೇಕು.

ಆದರೆ ಇಲ್ಲಿ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ನಮ್ಮೂರಿನ ಈಶ್ವರ ದೇವಾಲಯ ಸುಮಾರು 1220ರದು. ಹದಿನಾರು ಮೂಲೆಗಳ ನಕ್ಷತ್ರದಂಥ ಅದರ ಮಂಟಪದಲ್ಲಿ ಹೆಜ್ಜೆ ಹೆಜ್ಜೆಗೂ ಬೆಳಕು, ನೆರಳು ಬದಲಾಗುತ್ತವೆ. ಅದು ಕೂರುವ ಜಾಗ, ಇದು ದಾಟುವ ಜಾಗ ಅನ್ನಬಹುದು. ಒಪ್ಪೋಣ. ನಿಲ್ದಾಣಕ್ಕೆ ಮದನಿಕೆಯರು ಬೇಡ. ನನ್ನ ತಕರಾರು ಕೆತ್ತನೆಯದಲ್ಲ, ನೆನಪಿನದು.

ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಊರಿಗೆ ನೀರು ಕೊಟ್ಟ ಕೆರೆ ಅದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಕೆರೆಯ ಅಗತ್ಯ ತಗ್ಗಿತು, ಒಣಗಿತು. ಜಾಗಕ್ಕೆ ಸಿನಿಮಾ ಮಂದಿರವೊಂದರ ಹೆಸರು ಅಂಟಿಕೊಂಡಿತು. ಅರಸಿಯ ಕೆರೆ ಎಂಬ ಹೆಸರನ್ನು ನೂರಾರು ವರ್ಷ ಹೊತ್ತುಕೊಂಡಿರುವ ಊರಿನವಳಿಗೆ ಈ ಮರೆವು ಚುಚ್ಚುತ್ತದೆ.

ಇನ್ನೊಂದು ಮಾತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟುಹೋಗಿದ್ದಾರೆ. ಬೆಂಗಳೂರಿನ ಸುರಂಗ ಕೊರೆದ ಯಂತ್ರಗಳಿಗೂ ಹೆಸರಿಟ್ಟರು: ಹೆಲೆನ್, ಕಾವೇರಿ, ಕೃಷ್ಣಾ, ಗೋದಾವರಿ. ಪತ್ರಿಕೆಗಳಲ್ಲಿ ಓದಿ ನಮಗೂ ಅವು ಬಾಯಿಪಾಠ. ಆ ಕೆಸರಿನಲ್ಲಿ ನಿಂತು ದುಡಿದವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತೆ? ಯಂತ್ರಕ್ಕೆ ಹೆಣ್ಣಿನ ಹೆಸರು, ನದಿಯ ಹೆಸರು ಇಡುವುದು ಸುಲಭ. ಕೂಲಿಯವರ ಹೆಸರು ಬರೆಯಲು ಮನಸ್ಸು ಬೇಕು.

ಸಾವಿರಾರು ಜನ ಇಳಿಯುವ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದಿಷ್ಟು ಜಾಗ ಸಾಕು. ಇಲ್ಲೊಂದು ಕೆರೆಯಿತ್ತು, ಇಂಥವರು ಇದನ್ನು ಅಗೆದು ಕಟ್ಟಿದರು ಎಂದು ಕನ್ನಡದಲ್ಲಿ ಬರೆಸಲಿ. ಆಗ ಅದೂ ಶಾಸನವೇ.